ಇಲ್ಲದ ಗಾಳಿ

ಜೂನ್ ೯, ಭಾನುವಾರ

ಮುಂದಿನ ಸಾಲಿನ ಕುರ್ಚಿಗಳನ್ನು ಅಲಂಕರಿಸಿದ ಹಿರಿಯರೇ, ಜಮಖಾನದ ಮೇಲೆ ಒತ್ತೊತ್ತಾಗಿ ಕೂತ ತಾಯಂದಿರೇ, ಜಾಗ ಸಿಗದೆ ಕಂಬಕ್ಕೆ ಒರಗಿ ನಿಂತ ಹಳೇ ಹುಬ್ಬಳ್ಳಿಯ ಗೆಳೆಯರೇ, ಗದ್ದಲ ಸಾಕು. ಪರದೆ ಏಳುತ್ತಿದೆ. ಇಂದಿನ ಪ್ರಯೋಗವನ್ನು ಕಟ್ಟಿದವನು ನಾನು, ಆಡಿದವನು ನಾನು, ಚಪ್ಪಾಳೆ ಹೊಡೆಸಿಕೊಂಡವನೂ ನಾನೇ.

ಈ ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ ಎಂಬುದು ಗೊತ್ತಿದೆ. ಆದರೆ ಎದುರಿಗೆ ಜನ ಕೂತಿದ್ದಾರೆ ಎಂದುಕೊಳ್ಳದ ಹೊರತು ನನ್ನ ಬಾಯೂ ಏಳದು, ಪೆನ್ನೂ ಏಳದು. ಅಪ್ಪನ ನಾಟಕ ಕಂಪನಿಯಲ್ಲಿ ವೇಷದ ಪೆಟ್ಟಿಗೆಯೇ ನನ್ನ ತೊಟ್ಟಿಲಾಗಿತ್ತು. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಗಂಟಲು ಮುಚ್ಚಲಿಲ್ಲ. ಆ ಗಂಟಲಿನ ದಯೆಯಿಂದಲೇ ಮೈಕ್ ಸೆಟ್ ಬಾಡಿಗೆಗೆ ಕೊಡುವ ಈ ಅಮರೇಶ ಉತ್ತರ ಕರ್ನಾಟಕ ಸಣ್ಣ ವಿಮಾನಗಳ ಸಂಘಕ್ಕೆ ಕಾರ್ಯದರ್ಶಿಯಾದ. ವಿಮಾನ ಹತ್ತಿದ್ದು ಒಂದೇ ಸಲ, ಅದೂ ಕಣ್ಣು ಮುಚ್ಚಿಕೊಂಡು.

ಜನರಿಗೆ ವಿಮಾನವೆಂದರೆ ಟಿಕೇಟು ತೆಗೆಸಿ ಹತ್ತುವ ದೊಡ್ಡ ವಿಮಾನ. ನಮ್ಮವು ನಾಲ್ಕೋ ಆರೋ ಸೀಟಿನವು. ಕಾರ್ಖಾನೆಯವರನ್ನು ಒಯ್ಯುವವು, ರೋಗಿಗಳನ್ನು ಒಯ್ಯುವವು, ಹಾರುವುದನ್ನು ಕಲಿಸುವವು. ಇಂಥ ಒಂದು ವಿಮಾನದ ಮಾಲೀಕ ಒಬ್ಬನೇ ಹೋದರೆ ಇಂಧನದವನು ಎರಡು ಡ್ರಮ್ಮಿಗಾಗಿ ಲಾರಿ ಕಳಿಸುವುದಿಲ್ಲ, ವಿಮೆಯವನು ಬಾಗಿಲು ತೆಗೆಯುವುದಿಲ್ಲ, ಸರಕಾರದವರು ಅರ್ಜಿ ಓದುವುದಿಲ್ಲ. ಅದಕ್ಕೇ ಸಂಘ. ಎಲ್ಲರ ಇಂಧನವನ್ನು ಒಟ್ಟಿಗೆ ತರಿಸುತ್ತೇವೆ, ಒಂದೇ ಶೆಡ್ಡಿನಲ್ಲಿ ಇಡುತ್ತೇವೆ, ಎಲ್ಲರ ಪರವಾಗಿ ಒಂದೇ ಬಾಯಲ್ಲಿ ಕೂಗುತ್ತೇವೆ. ಆ ಬಾಯಿ ನನ್ನದು. ಸುಳ್ಳ ಎಂಬ ಊರಿನ ದಾರಿಯಲ್ಲಿರುವ ನಮ್ಮ ರನ್‌ವೇ, ಶೆಡ್ಡು ಎಲ್ಲ ಅಧ್ಯಕ್ಷರಾದ ಸಿದ್ದಲಿಂಗಪ್ಪ ಸಾಹುಕಾರರದು. ಹತ್ತಿ ವ್ಯಾಪಾರದ ಮನೆತನ. ಅವರ ತಂದೆ ಸ್ವಂತ ವಿಮಾನದ ಆಸೆಗೆ ಎರೆಹೊಲದ ನಡುವೆ ಡಾಂಬರು ಹಾಕಿಸಿದರು.

ಇಂದು ವಾರ್ಷಿಕ ಸಭೆ. ಮಂಟಪದವನು ವೇದಿಕೆಯ ಹಲಗೆ ಹೊರುವ ಮರದ ಕುದುರೆಗಳನ್ನು ಬೇರೆಲ್ಲೋ ಕೊಟ್ಟು ಕೈ ಎತ್ತಿಬಿಟ್ಟ. ನಾನು ಎದೆಗುಂದಲಿಲ್ಲ. ಅಪ್ಪ ಊರೂರಲ್ಲಿ ಡ್ರಮ್ಮಿನ ಮೇಲೆ ಹಲಗೆ ಹಾಸಿ ಅರಮನೆ ಕಟ್ಟಿದವನು. ಶೆಡ್ಡಿನಲ್ಲಿ ಅಡ್ಡ ಮಲಗಿದ್ದ ಇಂಧನದ ಡ್ರಮ್ಮುಗಳನ್ನು ಹೊರಗೆ ಉರುಳಿಸಿ ಸಾಲಾಗಿ ನೆಟ್ಟಗೆ ನಿಲ್ಲಿಸಿದೆ. ಖಾಲಿ ಡ್ರಮ್ಮುಗಳೂ ಇದ್ದವು, ಬೇಡವೆಂದೆ. ಖಾಲಿ ಡ್ರಮ್ಮಿನ ಮೇಲೆ ಕಾಲಿಟ್ಟರೆ ಢಂ ಎನ್ನುತ್ತದೆ, ಮಾತು ಮುಳುಗುತ್ತದೆ. ತುಂಬಿದ ಡ್ರಮ್ಮು ಮೌನವಾಗಿ ಹೊರುತ್ತದೆ.

ರೋಗಿಗಳ ವಿಮಾನ ನಡೆಸುವ ಧಾರವಾಡದ ವೃಂದಾ ನೋಡಿ ಹುಬ್ಬು ಗಂಟಿಕ್ಕಿದಳು. “ಕಾಕಾ, ತುಂಬಿದ ಡ್ರಮ್ಮು ಹಿಂಗ ನಿಂದರಸಬಾರದು. ಮಲಗಸೇ ಇಡಬೇಕು.”

“ಯಾಕವ್ವ, ಅವಕ್ಕೇನು ಸೊಂಟನೋವು?” ಎಂದೆ. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು.

“ಸಭೆ ಮುಗದ ಕೂಡ್ಲೆ ಮಲಗಸ್ರಿ. ನಾ ಸಂಜಿಗೆ ಹೈದರಾಬಾದಿಗೆ ಹೊಂಟೀನಿ, ಇಲ್ಲಂದ್ರ ನಾನೇ ನಿಂತು ಮಾಡಸ್ತಿದ್ದೆ.”

ಹಾರುವುದನ್ನು ಕಲಿಸುವ ಹನುಮೇಶ ಇನ್ನೊಂದು ಕಟ್ಟಳೆ ಹಾಕಿದ: ದೀಪವನ್ನು ದೂರದ ಬೇವಿನ ಗಿಡದ ಕೆಳಗೇ ಹಚ್ಚಬೇಕು. ಈ ಮನುಷ್ಯ ಎಷ್ಟು ಜಾಗರೂಕನೆಂದರೆ, ಸುರಕ್ಷತೆಯ ಬಗ್ಗೆ ಮಾತಾಡಲು ಎದ್ದರೆ ಸದಸ್ಯರು ಚಹಾ ಕುಡಿಯಲು ಏಳುತ್ತಾರೆ. ಗಿಡದ ಕೆಳಗೆ ದೀಪ ಬೆಳಗಿತು, ಡ್ರಮ್ಮಿನ ಮೇಲೆ ನಾನು ಬೆಳಗಿದೆ. ಸಾಹುಕಾರರು ಶಾಲು ಹೊದಿಸಿದರು. ಮುಂದಿನ ಭಾನುವಾರ ಅದೇ ವೇದಿಕೆಯ ಮೇಲೆ ಸಂಘದ ಚರಿತ್ರೆಯನ್ನೇ ನಾಟಕವಾಗಿ ಆಡಿಸುತ್ತೇನೆಂದು ಘೋಷಿಸಿಯೂ ಬಿಟ್ಟೆ.

ಜೂನ್ ೧೧, ಮಂಗಳವಾರ

ಮಹಾಜನರೇ, ಮುಂಗಾರು ರಂಗಪ್ರವೇಶ ಮಾಡಿದೆ.

ಮಧ್ಯಾಹ್ನವೇ ರನ್‌ವೇ ಕಾಯುವ ಮಲ್ಲಿಕಸಾಬನ ಫೋನು. “ಸಾಹೇಬ್ರ, ಸುಳ್ಳದ ಕಡೆ ಕಪ್ಪಗಾಗೇತ್ರಿ. ಹಲಗಿ ತಗದು ಡ್ರಮ್ಮು ಒಳಗ ಮಲಗಸ್ಲ್ಯಾ?”

“ಬ್ಯಾಡೋ. ಬರೂ ಐತವಾರ ನಾಟಕ ಐತಿ, ಮತ್ತ ಅದನ್ನ ಕಟ್ಟಾವ್ರು ಯಾರು? ತಾಡಪತ್ರಿ ಹೊಚ್ಚು.”

“ಒಂದ ಐತ್ರಿ ತಾಡಪತ್ರಿ. ಪರದೇಕ ಹೊಚ್ಚಲೋ, ಡ್ರಮ್ಮಿಗೋ?”

ವೇದಿಕೆಗೆ ಕಟ್ಟಿದ್ದ ಪರದೆಗೆ ಎಂದೆ. ಮಖಮಲ್ಲಿನದು, ಅಪ್ಪನ ಕಾಲದ್ದು. ಕಬ್ಬಿಣಕ್ಕೆ ಮಳೆ ಏನು ಮಾಡೀತು.

ಈಗ ಹೊರಗೆ ತಗಡಿನ ಮೇಲೆ ಭೋರ್ಗರೆಯುತ್ತಿದೆ. ನಾಟಕದ ಮೊದಲ ಪ್ರವೇಶ ಬರೆದು ರಾಜೇಶ್ವರಿಗೆ ಓದಿ ಹೇಳಿದೆ. “ಮಳೀಗಿಂತಾ ನಿಮ್ಮ ಸಪ್ಪಳಾನ ಹೆಚ್ಚಾತು” ಎಂದು ಎದ್ದುಹೋದಳು. ಹೆಂಡತಿಯನ್ನು ಗೆದ್ದ ನಟ ಇನ್ನೂ ಹುಟ್ಟಿಲ್ಲ.

ಜೂನ್ ೧೪, ಶುಕ್ರವಾರ

ಹನುಮೇಶನ ವಿಮಾನ ಬಿತ್ತು.

ಜೀವ ಇದೆ. ವಿದ್ಯಾನಗರದ ಆಸ್ಪತ್ರೆಯಲ್ಲಿದ್ದಾನೆ. ಇವತ್ತು ಇಷ್ಟೇ.

ಜೂನ್ ೧೬, ಭಾನುವಾರ

ನಾಟಕದ ದಿನವಾಗಬೇಕಿತ್ತು. ಕೇಳುಗರೇ, ನಡೆದದ್ದನ್ನು ಸರಿಯಾಗಿ ಹೇಳಿಬಿಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಪರದೆಯ ಅಳತೆ ತೆಗೆಯಲು ನಾನು ರನ್‌ವೇಗೆ ಹೋಗಿದ್ದೆ. ಮಲ್ಲಿಕಸಾಬ ಊಟದ ಡಬ್ಬಿ ತರಲು ಊರೊಳಗೆ ಹೋಗಿದ್ದ. ಹನುಮೇಶ ಬಳ್ಳಾರಿಯಿಂದ ಯಾರನ್ನೋ ಕರೆತರಲು ಹೊರಟಿದ್ದ. ವೇದಿಕೆಯ ತುದಿಯ ಡ್ರಮ್ಮಿಗೆ ಕೈಪಂಪು ಹಚ್ಚಿ ತಾನೇ ಇಂಧನ ತುಂಬಿಕೊಂಡ. ಆಮೇಲೆ ಸುಮ್ಮನೆ ರೆಕ್ಕೆಯ ನೆರಳಲ್ಲಿ ಕೂತ. ಯಾಕೆ ಕೂತೆಯೋ ಎಂದರೆ, “ತುಂಬಿದ್ದು ತಳಾ ಊರಬೇಕು, ಅಮರೇಶಣ್ಣ” ಎಂದ. ಎದ್ದು ರೆಕ್ಕೆಯ ಕೆಳಗಿನಿಂದ ಗಾಜಿನ ಲೋಟಕ್ಕೆ ಸ್ವಲ್ಪ ಬಸಿದು ಬಿಸಿಲಿಗೆ ಹಿಡಿದು ನೋಡಿದ. ಚೆಲ್ಲಿದ. ಮತ್ತೆ ಬಸಿದು ಮತ್ತೆ ನೋಡಿದ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಂಬಕ್ಕೆ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ.

ವಿಮಾನ ಎದ್ದಿತು. ಬೇವಿನ ಗಿಡ ದಾಟಿತು. ಆಮೇಲೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ನಾನು ಹುಟ್ಟಿದಾಗಿನಿಂದ ಇಂಥ ನಿಶ್ಶಬ್ದ ಕೇಳಿಲ್ಲ. ಹೆಸರುಕಾಳಿನ ಹೊಲದ ಕಡೆಗೆ ಮೆಲ್ಲಗೆ ಇಳಿಸಿದ. ಮಗುವನ್ನು ಎತ್ತಿ ಕೂರಿಸಿದ ಹಾಗೆ, ನೆಟ್ಟಗೆ. ಆದರೆ ಮಳೆ ಕುಡಿದ ಎರೆಮಣ್ಣು ಚಕ್ರ ನುಂಗಿತು. ವಿಮಾನ ಮೂಗು ನೆಲಕ್ಕೆ ಕೊಟ್ಟು ಮಗುಚಿತು. ಟ್ಯಾಂಕು ಒಡೆದು ಇಂಧನವೆಲ್ಲ ಕೆಸರಿಗೆ ಸೇರಿತು.

ಇಂದು ಆಸ್ಪತ್ರೆಗೆ ಹೋದೆ. ಸೊಂಟದ ಮೂಳೆ, ಬಲಗಾಲು, ತಲೆಗೆ ಪೆಟ್ಟು. ಎಚ್ಚರವಿದೆ, ಮಾತು ಸಣ್ಣಗಿದೆ. ಆ ಬೆಳಗು ಮಾತ್ರ ಅವನಲ್ಲಿ ಇಲ್ಲ. ಹಿಂದಿನ ರಾತ್ರಿ ಉಂಡ ಅನ್ನ ಸಾರಿನವರೆಗೆ ಎಲ್ಲ ನೆನಪಿದೆ, ಮುಂದೆ ಖಾಲಿ.

ಅವನ ಹೆಂಡತಿ ನಿರುಪಮಾ ಹೊರಗೆ ಬೆಂಚಿನ ಮೇಲೆ ಕೇಳಿದಳು: “ಅಣ್ಣಾರ, ಅಲ್ಲಿದ್ದವರು ನೀವೊಬ್ಬರೇ ಅಂತ. ಏನಾತು, ಹೇಳ್ರಿ.”

ಎಂಜಿನ್ನು ನಿಂತಿತು ಎನ್ನಲು ಹೋದೆ. ಅಷ್ಟೇ ಹೇಳಿದರೆ ಅದೊಂದು ಮಾತೇ ಅಲ್ಲ ಅನಿಸಿತು. ಇಷ್ಟು ದೊಡ್ಡ ದುಃಖಕ್ಕೆ ಎದುರಾಳಿಯೇ ಬೇಡವೇ? “ಗಾಳಿ, ತಂಗೀ” ಎಂದೆ. “ಒಮ್ಮಿಗೇ ಹುಚ್ಚು ಗಾಳಿ ಬಂತು.”

ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು. ಸಮಾಧಾನವಾದಂತೆ ಕಂಡಿತು.

ಜೂನ್ ೨೦, ಗುರುವಾರ

ಮಹಾಜನರೇ, ಇಂದು ನೀವು ಇರಬೇಕಿತ್ತು.

ಹುಬ್ಬಳ್ಳಿಯಲ್ಲಿ ಸಂಘದಿಂದ ಹನುಮೇಶನಿಗಾಗಿ ಹಾರೈಕೆಯ ಸಭೆ. ಸದಸ್ಯರು, ಅವನ ಶಿಷ್ಯರು, ಪೇಪರಿನವರು. ಸಾಹುಕಾರರು ಕಿವಿಯಲ್ಲಿ, “ಮಂದಿ ಸೋತಾರ, ಎಬ್ಬಿಸು” ಎಂದರು. ಎಬ್ಬಿಸಿದೆ.

ಮೊದಲು ಪಿಸುಮಾತಿನಲ್ಲಿ ಹಿಡಿದೆ. ಮುಂಗಾರಿನ ಬೆಳಗು, ಕಪ್ಪು ಮೋಡ, ಗಿಡಗಳ ರೆಂಬೆ ಮುರಿಯುವ ಗಾಳಿ. ಆಮೇಲೆ ದನಿ ಏರಿಸಿದೆ. “ಬ್ಯಾಡೋ ಹನುಮೇಶ ಅಂದೆ. ಗಾಳೀಗೆ ಇವತ್ತು ಹುಚ್ಚು ಹಿಡದೈತಿ, ಇಳಿಯೋ ಅಂದೆ. ಆತ ನಕ್ಕ. ಗಾಳೀಗೆ ಹೆದರಿದ್ರ ರೆಕ್ಕಿ ಯಾಕ ಕಟ್ಟಿಕೋಬೇಕು ಅಮರೇಶಣ್ಣ ಅಂದ. ಅಂದು, ಸಿಂಹದ ಬಾಯಿಗೇ ಹೊಕ್ಕ.” ಇಲ್ಲಿ ನಿಲ್ಲಿಸಿದೆ. ಮೂರನೇ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಸೆರಗು ಬಾಯಿಗಿಟ್ಟುಕೊಂಡಳು.

ಹನುಮೇಶನಿಗೆ ಇದಕ್ಕಿಂತ ದೊಡ್ಡ ಮಾಲೆ ಯಾರು ಹಾಕಿಯಾರು? ಚಹಾ ಕುಡಿಯಲು ಎದ್ದು ಹೋಗುತ್ತಿದ್ದ ಜನ ಇಂದು ಅವನ ಹೆಸರಿಗೆ ಎದ್ದು ನಿಂತರು. ಯಾರೋ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದಾರೆ. ಸಂಜೆಯೊಳಗೆ ಊರ ತುಂಬ ಹರಿದಾಡಿತು.

ಜೂನ್ ೨೩, ಭಾನುವಾರ

ವೃಂದಾ ಅಂಗಡಿಗೆ ಬಂದಳು. ಕೈಚೀಲದಿಂದ ಒಂದು ಗಾಜಿನ ಜಾರು ತೆಗೆದು ಮೈಕ್ ಡಬ್ಬಿಯ ಮೇಲಿಟ್ಟಳು. ಒಳಗೆ ತಿಳಿನೀಲಿ ಇಂಧನ. ತಳದಲ್ಲಿ ಬಣ್ಣವಿಲ್ಲದ ಒಂದು ಪದರ, ಬೇರೆಯಾಗಿ ನಿಂತಿತ್ತು.

“ಕೆಳಗಿಂದು ನೀರು, ಕಾಕಾ. ನಿನ್ನೆ ನನ್ನ ವಿಮಾನಕ್ಕ ತುಂಬಸೂ ಮುಂದ ಡ್ರಮ್ಮಿನಾಗಿಂದ ತಗದು ನೋಡಿದೆ.”

“ಡ್ರಮ್ಮಿನಾಗ ನೀರು ಹ್ಯಾಂಗ ಬರತೈತವ್ವ? ಮುಚ್ಚಳ ಬಿಗಿ ಇರತೈತಿ.”

“ನೆಟ್ಟಗ ನಿಂತ ಡ್ರಮ್ಮಿನ ತಲಿ ಮ್ಯಾಲೆ ಮಳಿ ನೀರು ನಿಲ್ತದ. ಹಗಲು ಬಿಸಲಿಗೆ ಒಳಗಿನ ಗಾಳಿ ಹಿಗ್ಗತದ, ಸಂಜಿಗೆ ಕುಗ್ಗತದ. ಕುಗ್ಗಿದಾಗ ಮುಚ್ಚಳದ ಸಂದಿಯಿಂದ ಆ ನೀರು ಒಳಗ ಎಳಕೋತದ. ಅದಕ್ಕ ಮಲಗಸೋದು.” ಅವಳು ನನ್ನ ಮುಖ ನೋಡಿದಳು. “ನಾ ಬರೂದ್ರಾಗ ಅವು ಶೆಡ್ಡಿನಾಗ ಮಲಗಿದ್ವು. ಯಾವಾಗ ಮಲಗಸಿದ್ರಿ?”

“ಹನುಮೇಶ ಎರಡು ಸಲ ಲೋಟಕ್ಕ ಬಸದು ನೋಡಿದ್ದ” ಎಂದೆ.

“ಆ ಹಳೇ ವಿಮಾನದ ಟ್ಯಾಂಕು ರಬ್ಬರ್ ಚೀಲ ಇದ್ದಂಗ. ತಳದಾಗ ಮಡಿಕಿ ಬೀಳ್ತಾವ. ಮಡಿಕ್ಯಾಗ ಕೂತ ನೀರು ಲೋಟಕ್ಕ ಬರೂದಿಲ್ಲ. ಮೂಗು ಎತ್ತಿದಾಗ ಸೀದಾ ಎಂಜಿನ್ನಿಗೆ ಹೋಗತದ.” ಜಾರನ್ನು ಚೀಲಕ್ಕೆ ಹಾಕಿಕೊಂಡಳು. “ನಾ ಕಂಡಿದ್ದು ಇಷ್ಟ. ತನಿಖಾಧಿಕಾರಿಗೆ ಇಷ್ಟನ್ನ ಹೇಳತೀನಿ. ಉಳದದ್ದು ನನಗ ಗೊತ್ತಿಲ್ಲ.”

ಮಳೆ ನೀರು ನಿಂತ ಡ್ರಮ್ಮಿನ ತಲೆಗಳನ್ನು ನಾನು ಕಂಡಿದ್ದೆ. ಪರದೆ ಅಳೆಯುವಾಗ ಅದರಲ್ಲಿ ಕೈ ತೊಳೆದಿದ್ದೆ.

ಜೂನ್ ೨೫, ಮಂಗಳವಾರ

ಅಮರಗೋಳದ ಮಾರುಕಟ್ಟೆಯಲ್ಲಿ ಸಾಹುಕಾರರ ಅಂಗಡಿಗೆ ಹೋದೆ. ಹತ್ತಿಯ ಹಂಗಾಮು ಅಲ್ಲ, ಗಾದಿಯ ಮೇಲೆ ಒಬ್ಬರೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ಎಲ್ಲ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ವಿಮಾನ ಬಿದ್ದ ದಿನವೇ ಸಂಜೆ ಹಲಗೆ ಕಳಚಿಸಿ ಡ್ರಮ್ಮುಗಳನ್ನು ಒಳಗೆ ಮಲಗಿಸಿದವರು ಅವರೇ.

“ನೋಡು ಅಮರೇಶ, ಬಿದ್ದ ವಿಮಾನ ನೋಡಾಕ ಮಂದಿ ಬಂದು ತುಳದಾಡೂ ಮುಂದ ಶೆಡ್ಡು ನೆಟ್ಟಗ ಇರ್ಲಿ ಅಂತ ಮಲಗಸಿದೆ. ಆಮ್ಯಾಲೆ ವೃಂದಾ ಬಂದು ಹೇಳಿದಾಗ ನೀರಿನ ಸುದ್ದಿ ತಿಳೀತು.”

“ಈಗ ಏನ್ ಮಾಡೂದ್ರಿ?”

“ಏನ್ ಮಾಡೂದು. ಸಂಘದ ಇಂಧನದಾಗ ನೀರಿತ್ತು ಅಂತ ಒಂದು ಸಾಲು ಬರದ್ರ ಸಾಕು, ರನ್‌ವೇ ಮುಚ್ಚತಾರ. ವೃಂದಾನ ವಿಮಾನ ನಿಲ್ಲತೈತಿ. ನಾಳೆ ಯಾರದರೆ ಮನ್ಯಾಗ ಜಡ್ಡು ಬಿದ್ರ, ಹೈದರಾಬಾದಿಗೆ ಹೆಗಲ ಮ್ಯಾಲೆ ಹೊತಗೊಂಡು ಹೋಗ್ತೀಯೇನು?” ಅಡಕತ್ತರಿ ಕೆಳಗಿಟ್ಟರು. “ನೀ ಅಷ್ಟು ಮಂದೀ ಮುಂದ ಆಡಿದಿಯಲ್ಲ, ಗಾಳಿ ಅಂತ. ಅದು ಹಂಗ ಇರ್ಲಿ.”

“ಹಂಗಂದ್ರ ಹನುಮೇಶನ ತಪ್ಪು ಅಂತ ಆಗತೈತ್ರಿ.”

“ನೀ ಅದನ್ನ ಹೇಳಿದಾಗ ತಪ್ಪು ಅಂತ ಹೇಳಿದ್ಯಾ? ಶೂರ ಅಂದಿ. ಶೂರ ಅಂತನ ಇರ್ಲಿ.” ಆಮೇಲೆ ಮೆಲ್ಲಗೆ ಎಂದರು: “ನಿನಗ ಬಾಯಿ ಮುಚ್ಚು ಅಂತ ಅಂದೋರು ಯಾರೂ ಇದ್ದಿಲ್ಲ ನೋಡು. ಅದ ತಪ್ಪಾತು. ನನ್ನೂ ಹಿಡದು.”

ಅವರು ಕೆಟ್ಟವರಲ್ಲ. ನಾನು ಏಳುವಾಗ ಅಡಕತ್ತರಿಯನ್ನು ಮತ್ತೆ ಕೈಗೆ ತೆಗೆದುಕೊಂಡರು.

ಜೂನ್ ೨೯, ಶನಿವಾರ

ಆಸ್ಪತ್ರೆಗೆ ಹೋಗಬಾರದೆಂದಿದ್ದೆ, ನಿರುಪಮಾ ಕರೆದಳು. ಹನುಮೇಶನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಗಡ್ಡ ಬೆಳ್ಳಗಾಗಿದೆ. ಹಾಸಿಗೆಯ ಮೇಲೆ ಮೊಬೈಲು, ಅದರಲ್ಲಿ ನನ್ನ ಭಾಷಣ.

“ದಿನಾ ನೋಡ್ತಾರ” ಎಂದಳು ನಿರುಪಮಾ. “ಬ್ಯಾಡ ಅಂದ್ರೂ ಕೇಳೂದಿಲ್ಲ.”

ಹನುಮೇಶ ನನ್ನ ಕೈ ಹಿಡಿದ. “ಅಮರೇಶಣ್ಣ, ನೆನಪು ಬರಲಿಕ್ಕತ್ತದ.”

ಒಳ್ಳೆಯದಾಯಿತು, ಇವನೇ ಹೇಳಿಬಿಡುತ್ತಾನೆ ಎಂದುಕೊಂಡೆ.

“ರೆಂಬಿ ಮುರದು ಬೀಳ್ತಿದ್ವು, ಅಲ್ಲ?” ಎಂದ. “ಆ ಸಪ್ಪಳ ಈಗ ಕೇಳಸ್ತದ. ನೀ ಬ್ಯಾಡೋ ಅಂದಿ. ನಾ ನಕ್ಕೆ. ಯಾಕ ನಕ್ಕೆ ಅನ್ನೋದೇ ತಿಳೀವಲ್ದು. ನಾ ಹಂಗ ನಗೂ ಮನಷ್ಯಾ ಅಲ್ಲ.”

“ಅದನ್ನೆಲ್ಲ ಈಗ ಯಾಕ...” ಎಂದೆ.

“ಇಷ್ಟು ವರ್ಷ ಹುಡುಗರಿಗೆ ಹೇಳಿಕೋತ ಬಂದೆ, ಗಾಳಿ ನೋಡ್ರಿ, ನೋಡ್ರಿ ಅಂತ. ಒಂದಿನ ನಾನೇ ನೋಡಲಿಲ್ಲ.” ಅವನ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಆ ಮುಖ ನೋಡುವುದು ಸುಲಭವಾಗುತ್ತಿತ್ತು. “ಕಾಲು ಕೂಡಿಬರತದಂತ ಡಾಕ್ಟರು ಅಂತಾರ. ಆದ್ರ ಇನ್ನ ನಾ ಹಾರೂದಿಲ್ಲ. ಕಲಸೂದೂ ಇಲ್ಲ. ನನ್ನ ಮ್ಯಾಲೆ ನನಗ ವಿಶ್ವಾಸ ಹೋತು.”

ನಿರುಪಮಾ ಅವನ ಹೊದಿಕೆ ಸರಿಮಾಡುತ್ತ, “ನಮ್ಮವರು ಅಂಗಳದಾಗ ಸೈಕಲ್ ಹತ್ತೂ ಮುಂದನೂ ಎರಡು ಸಲ ಗಾಲಿ ಒತ್ತಿ ನೋಡಾವ್ರು, ಅಣ್ಣಾರ” ಎಂದಳು. ಅದನ್ನು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ.

ಅವನು ಕಟ್ಟಿಕೊಂಡಿರುವ ನೆನಪಿನ ಒಂದೊಂದು ಮಾತೂ ನನ್ನದು. ನಿಲ್ಲಿಸುವ ಜಾಗಗಳೂ ನನ್ನವೇ. ಕೊನೆಗೆ ಸಿಂಹದ ಬಾಯಿಯ ಮಾತನ್ನೂ ಆಡಿದ, ಆಡಿ ತಡೆದ, ನಾನು ತಡೆದ ಹಾಗೆಯೇ.

ಜುಲೈ ೨, ಮಂಗಳವಾರ

ತನಿಖಾಧಿಕಾರಿ ಬಂದಿದ್ದರು. ದೂರದ ಊರಿನವರು, ಹಿಂದಿಯಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯ. ಶೆಡ್ಡು ನೋಡಿದರು. ಡ್ರಮ್ಮುಗಳು ಮಲಗಿದ್ದವು. ಒಂದರಲ್ಲಿ ನೀರಿದೆಯೆಂದು ಸದಸ್ಯರೊಬ್ಬರು ತಿಳಿಸಿದ್ದಾರೆ, ಆದರೆ ಶೇಖರಣೆ ಸರಿಯಾಗಿಯೇ ಇರುವಂತೆ ಕಾಣುತ್ತದೆ ಎಂದರು. ಬಿದ್ದ ವಿಮಾನದ ಟ್ಯಾಂಕಿನಲ್ಲಿ ಕೆಸರಿನ ಹೊರತು ಏನೂ ಉಳಿದಿರಲಿಲ್ಲವಂತೆ. ಮಲ್ಲಿಕಸಾಬನನ್ನು ಕೇಳಿದರು. ಅವನು ಸಾಹುಕಾರರ ಸಂಬಳದವನು. ಸಾಹುಕಾರರ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ, ನನಗೆ ಗೊತ್ತಿಲ್ಲ ಎಂದ.

ಹುಬ್ಬಳ್ಳಿ ಕಡೆ ಅಂದು ಗಾಳಿ ಇರಲಿಲ್ಲವೆಂದು ಅಧಿಕಾರಿಯ ಹತ್ತಿರ ಮಾಹಿತಿ ಇದೆ. ಆದರೆ ಮುಂಗಾರಿನಲ್ಲಿ ಒಂದು ಊರಿನ ಗಾಳಿ ಪಕ್ಕದ ಊರಿಗೆ ಇರುವುದಿಲ್ಲ, ಕಣ್ಣಾರೆ ಕಂಡವರ ಮಾತೇ ಮುಖ್ಯ ಎಂದರು. ಮೊಬೈಲಿನಲ್ಲಿ ನನ್ನ ಭಾಷಣ ಹಚ್ಚಿ ನನ್ನೆದುರು ಹಿಡಿದರು. ಇದು ನೀವು ಕಂಡದ್ದೇ ಎಂದು ಕೇಳಿದರು.

ಸಾಹುಕಾರರು ಹೊರಗೆ ರನ್‌ವೇ ನೋಡುತ್ತ ನಿಂತಿದ್ದರು.

ನಾನು ಬಾಯಿ ತೆರೆಯಲಿಲ್ಲ. ತಲೆಯಾಡಿಸಿದೆ. ಹೌದು ಎನ್ನುವ ಹಾಗೆ.

ಶುಕ್ರವಾರ ಆಸ್ಪತ್ರೆಗೆ ಬಂದು ಹನುಮೇಶನ ಹೇಳಿಕೆ ಬರೆದುಕೊಳ್ಳುತ್ತಾರಂತೆ. ಇಬ್ಬರ ಮಾತೂ ಒಂದೇ ಆದರೆ ವಿಚಾರಣೆ ಮುಗಿದ ಹಾಗೆ.

ಮನೆಗೆ ಬಂದಾಗ ರಾಜೇಶ್ವರಿ, “ಯಾಕ ಇಷ್ಟು ಸಣ್ಣಗ ಮಾತಾಡಾಕತ್ತೀರಿ? ಬಾಜು ಮನೀ ಅಖ್ತರಬೇಗಂ ಕೇಳಿದ್ಳು, ಭಾಯಿಸಾಬ ಊರಾಗ ಇಲ್ಲೇನು ಅಂತ” ಎಂದಳು. ಗಂಟಲು ಕೆಟ್ಟಿದೆ ಎಂದೆ. ಅರಿಸಿನದ ಹಾಲು ಕೊಟ್ಟಳು. ಕುಡಿದೆ. ಗಂಟಲಿಗೆ ಏನೂ ಆಗಿಲ್ಲ.

ಜುಲೈ ೪, ಗುರುವಾರ

ಸಂಜೆ ನಿರುಪಮಾಳ ಫೋನು ಬಂತು. ಅವಳು ಫೋನನ್ನು ಹನುಮೇಶನಿಗೆ ಕೊಟ್ಟಳು.

“ನಾಳೆ ಆ ಸಾಹೇಬರು ಬರ್ತಾರ, ಅಮರೇಶಣ್ಣ. ನೀ ಬಾಜೂಕ ಕೂಡಬೇಕು. ನನ್ನ ತಲಿ ಇನ್ನೂ ಪೂರಾ ಹಿಡತಕ್ಕ ಬಂದಿಲ್ಲ. ಎಲ್ಲೆರೆ ತಪ್ಪಿದ್ರ ಹೇಳಿಕೊಡು.”

ಕಂಪನಿಯಲ್ಲಿ ನಟನಿಗೆ ಮಾತು ಮರೆತರೆ ಪರದೆಯ ಸಂದಿಯಲ್ಲಿ ಕೂತು ಮೆಲ್ಲಗೆ ಹೇಳಿಕೊಡುವವನೊಬ್ಬ ಇರುತ್ತಿದ್ದ. ಚಿಕ್ಕಂದಿನಲ್ಲಿ ಆ ಕೆಲಸ ಮಾಡಿದ್ದೇನೆ. ನಟ ಆಡುವುದು ತನ್ನ ಮಾತಲ್ಲ, ಆದರೂ ಅಳುವುದು ಮಾತ್ರ ತನ್ನದೇ ಅಳು.

“ಬರ್ತೇನಿ” ಎಂದೆ.

“ನಿನಗ ಸಿಟ್ಟು ಇಲ್ಲ ಹೌದಿಲ್ಲೋ? ನೀ ಬ್ಯಾಡ ಅಂದ್ರೂ ನಾ ಹೋದೆ.”

ಫೋನು ಇಟ್ಟ ಮೇಲೆ ಅಡುಗೆಮನೆಗೆ ಹೋದೆ. ರಾಜೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲಿಂದ ಹಿಡಿಯಬೇಕೋ ತಿಳಿಯದೆ, “ಅವತ್ತು ಗಾಳಿ ಇದ್ದಿಲ್ಲ” ಎಂದೆ. ರೊಟ್ಟಿಯ ಸದ್ದು ನಿಂತಿತು. ಡ್ರಮ್ಮಿನ ಮಾತು ಹೇಳಿದೆ. ತಾಡಪತ್ರಿಯ ಮಾತು ಹೇಳಿದೆ. ಸಂಘ ಉಳಿಯಲಿಕ್ಕಿಲ್ಲ ಎಂದೆ, ನನ್ನ ಮೇಲೆ ಕೇಸೂ ಆದೀತು ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ಕೇಳಿದಳು.

“ಇದನ್ನ ನನಗ್ಯಾಕ ಹೇಳ್ತೀರಿ” ಎಂದಳು. “ಅವ್ರಿಗೆ ಹೇಳ್ರಿ.” ಕರಕಾದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು.

ನಾಳೆ ನಿಜ ಹೇಳುತ್ತೇನೆಂದು ಸಾಹುಕಾರರಿಗೆ ಫೋನು ಮಾಡಿ ತಿಳಿಸಿದೆ. “ರನ್‌ವೇ ನಮ್ಮಪ್ಪ ಕಟ್ಟಿಸಿದ್ದು” ಎಂದಷ್ಟೇ ಹೇಳಿ ಇಟ್ಟರು. ವೃಂದಾಳಿಗೂ ಮಾಡಿದೆ. ಅವಳು ಆಗಲೇ ವಿಮಾನವನ್ನು ನಿಲ್ಲಿಸಿದ್ದಾಳಂತೆ. ಬಾಗಲಕೋಟೆಯ ಒಬ್ಬ ರೋಗಿಯನ್ನು ಇವತ್ತು ರಸ್ತೆಯ ಮೇಲೆಯೇ ಒಯ್ದರಂತೆ. ಊರು ಮುಟ್ಟಿದರೇನವ್ವ ಎಂದು ಕೇಳಿದೆ. ಇನ್ನೂ ದಾರಿಯಲ್ಲಿದ್ದಾರೆ ಎಂದಳು.

ನಾಳೆ ಬೆಳಿಗ್ಗೆ, ಅಧಿಕಾರಿ ಬರುವುದಕ್ಕೆ ಮೊದಲೇ ವಿದ್ಯಾನಗರಕ್ಕೆ ಹೋಗುತ್ತೇನೆ. ನಿರುಪಮಾಳನ್ನೂ ಹತ್ತಿರ ಕೂರಿಸಿಕೊಂಡು ಹೇಳುತ್ತೇನೆ: ಗಾಳಿ ಇರಲಿಲ್ಲ. ನಾನು ಬೇಡ ಅನ್ನಲಿಲ್ಲ. ನೀನು ನಗಲಿಲ್ಲ. ನೀನು ಕಾದು ಕೂತೆ, ಎರಡು ಸಲ ಬಸಿದು ನೋಡಿದೆ, ಎಂಜಿನ್ನು ನಿಂತ ಮೇಲೂ ನೆಟ್ಟಗೆ ಇಳಿಸಿದೆ. ಡ್ರಮ್ಮು ನಿಲ್ಲಿಸಿದವನು ನಾನು. ಆಮೇಲೆ ಅಧಿಕಾರಿಗೂ ಇದನ್ನೇ ಹೇಳುತ್ತೇನೆ. ಹನುಮೇಶ ಹೊರಗೆ ಹೋಗು ಎಂದರೆ ಹೋಗುತ್ತೇನೆ. ಅನ್ನದಿದ್ದರೆ ಅವನು ಏನಾದರೂ ಮಾತಾಡುವವರೆಗೆ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತಿರುತ್ತೇನೆ.